ಎರಡು ಅರೆಯ ಲಕೋಟೆಗಳನ್ನು ತಯಾರಿಸಿದ ಬಗ್ಗೆ

ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಈ ಕೆಳಗೆ ವಿವರಿಸಿರುವ ಕೆಲಸವು ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ದಾವಣಗೆರೆಗೆ ಸೇರಿದ ನಂತರದ ಚಳಿಗಾಲದಲ್ಲಿ ಆರಂಭಗೊಂಡು, ಬೇಸಿಗೆ ಬಲಿಯುವುದರೊಳಗೆ ಮುಗಿದುಹೋಯಿತು. ಆಗ ನಾನು ಕೂಡ್ಲಿಗಿಯ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆನು. ವಿಭಾಗವೆಂದರೆ ಒಂದು ಉದ್ದನೆಯ ಮೇಜು, ಒಂದು ಕಟಿಂಗ್ ಮಷೀನು ಮತ್ತು ನಾನು. ಕಚೇರಿಗಳ ಸುತ್ತೋಲೆಗಳನ್ನು ಮಡಚುವಾಗ ಕಣ್ಣಿಗೆ ಬಿದ್ದಷ್ಟೇ ನನ್ನ ಓದು. ಇದಕ್ಕೂ ಮೊದಲು ನಾನು ಏನನ್ನೂ ಬರೆದವಳಲ್ಲ. ಆದಕಾರಣ ಭಾಷೆ ಬಿಗಿಯಾಗಿ ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರಿಕೆ. ಗುಟ್ಟಿನ ವಿಷಯವಾದ್ದರಿಂದ, ಸಂಬಂಧಪಟ್ಟವರ ಪತ್ನಿಯವರ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಸಂಬಂಧಪಟ್ಟವರು ಕೊಟ್ಟೂರಿನವರು. ಕೈಗಡಿಯಾರ ದುರಸ್ತಿಯ ಚಿಕ್ಕ ಅಂಗಡಿ ಇಟ್ಟಿದ್ದರು. ಅದರ ಜೊತೆಗೆ ಶಾಲೆಗಳಲ್ಲಿ ಜಾದೂ ಪ್ರದರ್ಶನ ನೀಡುತ್ತಿದ್ದರು. ನಮ್ಮ ಸುತ್ತಲಿನ ಐದು ತಾಲ್ಲೂಕುಗಳಲ್ಲಿ ಅವರ ಪ್ರದರ್ಶನ ನೋಡದೆ ಹತ್ತನೆಯ ತರಗತಿ ಮುಗಿಸಿದವರು ಕಡಿಮೆ ಎಂದೇ ಹೇಳಬಹುದು. ಕರಪತ್ರ ಮುದ್ರಿಸಿಕೊಳ್ಳಲು ಅವರು ನಮ್ಮಲ್ಲಿಗೆ ಬರುತ್ತಿದ್ದುದರಿಂದ ಮುಖಪರಿಚಯವಿತ್ತು. ಆ ದಿನ ಅವರು ಮಾಲೀಕರ ಮೇಜಿನ ಬಳಿ ನಿಲ್ಲದೆ, ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ನೇರವಾಗಿ ನನ್ನ ಮೇಜಿನ ಹತ್ತಿರ ಬಂದರು.

“ಅಕ್ಕಾರ, ಒಂದು ಕೆಲಸ ಐತ್ರಿ. ಆದ್ರ ಯಾರ ಮುಂದೂ ಬಾಯಿ ಬಿಡಂಗಿಲ್ಲ.”

“ಸಾಹೇಬ್ರ, ನಾನು ಪರೀಕ್ಷಿ ಪ್ರಶ್ನೆಪತ್ರಿಕಿ ಪ್ಯಾಕ್ ಮಾಡಿದಾಕಿ. ಬಾಯಿ ಬಿಡೋದಿದ್ರ ಅವಾಗ ಬಿಡ್ತಿದ್ದೆ.”

ಅವರು ನಕ್ಕರು. ನಗುತ್ತಲೇ ಎಡಗೈಯಿಂದ ಒಂದು ಖಾಕಿ ಲಕೋಟೆಯನ್ನು ಮೇಜಿನ ಮೇಲಿಟ್ಟು, ಬಳಿಕ ಬಲಗೈಯನ್ನು ಜೇಬಿನಿಂದ ಹೊರತೆಗೆದು ಅದರ ಪಕ್ಕದಲ್ಲಿಟ್ಟರು. ಕೈ ನಡುಗುತ್ತಿತ್ತು. ಕಾಣದ ಜಪಮಾಲೆಯೊಂದನ್ನು ಎಣಿಸುತ್ತಿರುವಂತೆ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು.

“ವಾಚಿನ ಅಂಗಡಿ ಮುಚ್ಚಿದೆರಿ. ಸ್ಕ್ರೂ ಹಿಡಿಯಾಕ ಬರವಲ್ದು. ದಾವಣಗೇರಿ ಡಾಕ್ಟರು ಇದು ಹೋಗೋ ರೋಗ ಅಲ್ಲ ಅಂದಾರ. ಇನ್ನ ಉಳಿದಿದ್ದು ಜಾದೂ ಒಂದ. ಈ ಕೈ ಹಿಂಗಾಗೈತಿ ಅಂತ ಮಂದಿಗೆ ಗೊತ್ತಾಗಬಾರ್ದು ಅಕ್ಕಾರ. ಜಾದೂದವನ ಕೈ ನಡುಗತೈತಿ ಅಂದ್ರ ಅವನ ಕಥಿ ಮುಗೀತು. ಯಾವ ಸಾಲ್ಯಾಗೂ ಕರೆಯಂಗಿಲ್ಲ.”

ಮೇಜಿನ ಮೇಲಿಟ್ಟ ಲಕೋಟೆಯನ್ನು ಅವರೇ ಮನೆಯಲ್ಲಿ ಅಂಟಿಸಿದ್ದರು. ಅಂಟು ಸೊಟ್ಟಗೆ ಹರಿದು ಅಂಚುಗಳು ಉಬ್ಬಿದ್ದವು. ಅದರ ರಚನೆಯನ್ನು ಇಲ್ಲಿ ವಿವರಿಸುವುದು ಅವಶ್ಯಕ. ಹೊರಗಿನಿಂದ ಅದು ಸಾಮಾನ್ಯ ಲಕೋಟೆ. ಒಳಗೆ ಮಾತ್ರ ಅದೇ ಕಾಗದದ ಇನ್ನೊಂದು ಹಾಳೆಯನ್ನು ಹಿಂಬದಿಯ ಗೋಡೆಗೆ ಎರಡು ಪಕ್ಕ ಮತ್ತು ತಳದಲ್ಲಿ ಅಂಟಿಸಲಾಗಿರುತ್ತದೆ. ಹೀಗಾಗಿ ಒಂದು ಲಕೋಟೆಯಲ್ಲಿ ಎರಡು ಅರೆಗಳು, ಅಂದರೆ ಖಾನೆಗಳು, ಆಗುತ್ತವೆ. ಹಿಂದಿನ ಅರೆಯಲ್ಲಿ ಬಳ್ಳಾರಿ ಜಿಲ್ಲೆಯ ಇಡೀ ನಕ್ಷೆಯನ್ನು ಮಡಚಿ ಮೊದಲೇ ಬಚ್ಚಿಡಬೇಕು. ವೇದಿಕೆಯ ಮೇಲೆ ಅಂಥದೇ ಇನ್ನೊಂದು ನಕ್ಷೆಯನ್ನು ಎಲ್ಲರ ಎದುರು ಚೂರುಚೂರಾಗಿ ಹರಿದು, ಚೂರುಗಳನ್ನು ಮುಂದಿನ ಅರೆಗೆ ಹಾಕಬೇಕು. ಬಾಯಿ ಮುಚ್ಚಿ, ಮಂತ್ರ ಹೇಳಿ, ಪುನಃ ತೆರೆಯುವಾಗ ಹೆಬ್ಬೆರಳಿನಿಂದ ಒಳಹಾಳೆಯನ್ನು ಮುಂದಕ್ಕೆ ಒತ್ತಿ ಹಿಡಿದರೆ ಚೂರುಗಳು ಮರೆಯಾಗಿ, ಹಿಂದಿನ ಅರೆಯಿಂದ ಇಡೀ ನಕ್ಷೆ ಹೊರಬರುತ್ತದೆ. ಎಲ್ಲವೂ ಆ ಒಂದು ಹೆಬ್ಬೆರಳಿನ ಮೇಲೆ ನಿಂತಿತ್ತು. ಆ ಹೆಬ್ಬೆರಳು ಈಗ ಅವರ ಮಾತು ಕೇಳುತ್ತಿರಲಿಲ್ಲ.

ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಕಡೆಯ ಪ್ರೌಢಶಾಲೆಗಳಲ್ಲಿ ಶಾರದಾ ಪೂಜೆ ಮತ್ತು ಬೀಳ್ಕೊಡುಗೆ ಸಮಾರಂಭಗಳು ನಡೆಯುತ್ತವೆ. ಅವರ ವರ್ಷದ ಮುಖ್ಯ ಪ್ರದರ್ಶನಗಳು ಅವೇ ಆಗಿದ್ದವು. ಆ ಸುಗ್ಗಿಯೊಳಗೆ ಕೆಲಸ ಆಗಬೇಕಿತ್ತು.

ಮಾಲೀಕರ ಅನುಮತಿ ಪಡೆದು ಮೊದಲನೆಯ ಕಂತನ್ನು ಖಾಕಿ ಕಾಗದದಲ್ಲಿಯೇ ತಯಾರಿಸಿದೆನು. ಒಳಹಾಳೆಯನ್ನು ಒಂದು ಗೋಧಿ ಕಾಳಿನಷ್ಟು ಕಿರಿದಾಗಿ ಕತ್ತರಿಸಿ, ಬಿದಿರು ಪಟ್ಟಿಯಿಂದ ಮಡಿಕೆಗಳನ್ನು ಚೂಪಾಗಿ ಒತ್ತಿ, ಮೈದಾ ಅಂಟನ್ನು ತೆಳುವಾಗಿ ಸವರಿ, ಭಾರವಿಟ್ಟು ಒಣಗಿಸಿದೆನು. ಬೈಂಡಿಂಗಿಗೆ ಬಳಸುವ ಮೈದಾ ಅಂಟಿಗೆ ಹುಳ ಬೀಳದಂತೆ ಮೈಲುತುತ್ತದ ಪುಡಿ ಸೇರಿಸುವುದು ವಾಡಿಕೆ. ಅದನ್ನು ಹಾಗೆಯೇ ಸೇರಿಸಿದೆನು. ಬೆರಳಿಗೆ ಸುಲಭವಾಗಿ ಸಿಗಲೆಂದು ಒಳಹಾಳೆಯ ಮೇಲಂಚಿಗೆ ತೆಳುವಾದ ರಟ್ಟನ್ನೂ ಕೊಟ್ಟೆನು. ಅವರು ಬಂದು ತೆರೆದು ಮುಚ್ಚಿ ನೋಡಿ, “ಬಿರುಸು ಐತಿ, ಆದ್ರ ಹಾದಿ ಗೊತ್ತೈತಿ ಇದಕ್ಕ,” ಎಂದು ಮೆಚ್ಚಿದರು.

ಮೊದಲ ಪ್ರದರ್ಶನ ಹರಪನಹಳ್ಳಿಯ ಒಂದು ಶಾಲೆಯಲ್ಲಿತ್ತು. ಲಕೋಟೆ ಹೇಗೆ ನಡೆದುಕೊಳ್ಳುತ್ತದೆಂದು ನೋಡುವ ಸಲುವಾಗಿ ನಾನೂ ಹೋಗಿದ್ದೆನು. ಅವರ ಪತ್ನಿಯವರು ಪರದೆಯ ಮರೆಯಲ್ಲಿ ಸಾಮಾನು ಸಿದ್ಧಪಡಿಸಿ ಕೊಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ, ಗಂಡುಮಕ್ಕಳ ಗುಂಪಿನ ಪಕ್ಕದಲ್ಲಿ ಕುಳಿತೆನು.

ನಕ್ಷೆಯನ್ನು ಹರಿದು ಚೂರುಗಳನ್ನು ಹಾಕುವವರೆಗೆ ಯಾವ ತೊಂದರೆಯೂ ಆಗಲಿಲ್ಲ. ಅನಂತರ ಅವರು ಲಕೋಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಸುಮ್ಮನೆ ಹಿಡಿದರು. ಖಾಕಿ ಕಾಗದ ಪರಪರ ಎನ್ನತೊಡಗಿತು. ಆ ಕಾಗದಕ್ಕೆ ಸದ್ದು ಜಾಸ್ತಿ ಎಂಬುದು ನನಗೆ ಗೊತ್ತೇ ಇತ್ತು; ಮೇಜಿನ ಮೇಲೆ ಅದು ಪ್ರತಿದಿನವೂ ಸದ್ದು ಮಾಡುತ್ತಿತ್ತು. ಆದರೆ ಕೈಯ ನಡುಕವನ್ನು ಅದು ಮೈಕಿನ ತನಕ ಮುಟ್ಟಿಸುತ್ತದೆಂದು ನಾನು ಎಣಿಸಿರಲಿಲ್ಲ.

ನನ್ನ ಪಕ್ಕದಿಂದ ಒಬ್ಬನು ಕೂಗಿದನು: “ಸಾಹೇಬ್ರ, ಲಕೋಟ್ಯಾಗ ಇಲಿ ಐತೇನ್ರಿ?”

ಸಭೆ ನಕ್ಕಿತು. ಇನ್ನೊಬ್ಬನು ಅದಕ್ಕೇ ಕೂಡಿಸಿದನು: “ನಕ್ಷಿ ಕೂಡಸ್ತೀರಂತ, ನಮ್ಮ ಹರ್ಪನಳ್ಳಿನೂ ಕೂಡಸ್ರಿ ಮತ್ತ. ಅದರಾಗ ನಮ್ಮ ತಾಲೂಕ ಇಲ್ಲ.”

ಮಾತು ನಿಜವಾಗಿತ್ತು. ಅಂಗಡಿಯಲ್ಲಿ ಆಗ ಸಿಗುತ್ತಿದ್ದದ್ದು ಹೊಸ ನಕ್ಷೆ. ಅದರಲ್ಲಿ ಬಳ್ಳಾರಿಯ ದಕ್ಷಿಣದ ಅಂಚು ಹರಪನಹಳ್ಳಿಯ ಮಟ್ಟಿಗೆ ಕಚ್ಚಿ ತೆಗೆದಂತಿತ್ತು. ಅವರು ಮೈಕಿನ ಹತ್ತಿರ ಬಾಗಿ, “ಇಲಿ ಅಲ್ಲಪ್ಪಾ ಇದು, ನಿಮ್ಮ ತಾಲೂಕು. ತಿರುಗಿ ಒಳಗ ಬರ್ತೀನಿ ಅಂತ ಒದ್ದಾಡಾಕತ್ತೈತಿ,” ಎಂದರು. ಇಡೀ ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಆ ಗದ್ದಲದಲ್ಲಿಯೇ ಅವರ ಹೆಬ್ಬೆರಳು ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಅರೆಯನ್ನು ಹಿಡಿಯಿತು. ನಕ್ಷೆ ಹೊರಬಂತು.

ಬಸ್ ನಿಲ್ದಾಣದಲ್ಲಿ ನಾನು ಆ ಮಾತನ್ನು ನೆನೆದು ನಕ್ಕೆನು. ಅವರು ನಗಲಿಲ್ಲ. “ಇವತ್ತು ಬಾಯಿ ಉಳಿಸ್ತು ಅಕ್ಕಾರ. ದಿನಾ ಹರ್ಪನಳ್ಳಿ ಎಲ್ಲಿ ಸಿಗತೈತಿ?”

ಪತ್ನಿಯವರು ಸಾಮಾನಿನ ಪೆಟ್ಟಿಗೆಯ ಮೇಲೆ ಕುಳಿತು ನೆಲ ನೋಡುತ್ತಾ, “ಸಾಕು ಮಾಡ್ರಿ ಅಂದ್ರ ಕೇಳಾದಿಲ್ಲ ಇವ್ರು. ನೀವರ ಹೇಳ್ರಿ ಅಕ್ಕಾ,” ಎಂದರು. ನಾನು ಹೇಳಲಿಲ್ಲ. ಕಾಗದ ಬದಲಿಸಿದರೆ ಸರಿಹೋಗುತ್ತದೆ ಎಂಬ ಯೋಚನೆಯಲ್ಲಿಯೇ ನಾನಿದ್ದೆನು.

ಸದ್ದು ಮಾಡದ ಕಾಗದವೆಂದರೆ ನಮ್ಮಲ್ಲಿ ಒಂದೇ ಇತ್ತು. ಆಮಂತ್ರಣ ಪತ್ರಿಕೆಗಳಿಗೆಂದು ತರಿಸಿದ್ದ ಮೃದುವಾದ ಬಿಳಿ ಕಾಗದ. ಮುದುಡಿದರೂ ಬಟ್ಟೆಯಂತೆ ಸುಮ್ಮನಿರುತ್ತಿತ್ತು. ಎರಡನೆಯ ಕಂತನ್ನು ಅದರಲ್ಲಿ ತಯಾರಿಸಿದೆನು. ಅವರು ಹಿಡಿದು ಅಲುಗಾಡಿಸಿದರೂ ಏನೂ ಕೇಳಿಸಲಿಲ್ಲ. ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯಲ್ಲಿ ಅದನ್ನು ಬಳಸುವುದೆಂದು ನಿಶ್ಚಯವಾಯಿತು.

ಅಲ್ಲಿ ಶಿಕ್ಷಕರ ಕೊಠಡಿಯಲ್ಲಿ ಸಿದ್ಧತೆ ನಡೆದಿದ್ದಾಗ ಪತ್ನಿಯವರು ಒಂದು ಲಕೋಟೆಯನ್ನು ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ತಿರುಗಿದವರು ಹಾಗೆಯೇ ನಿಂತರು.

“ಅಕ್ಕಾ, ಇಲ್ಲಿ ಬರ್ರಿ. ಇದೇನು ಹಸುರು?”

ಬೆಳಕಿಗೆ ಹಿಡಿದಾಗ ಲಕೋಟೆಯ ಅಂಚಿನ ಒಳಗೆ, ಒಂದು ಗೋಧಿ ಕಾಳಿನ ಅಂತರದಲ್ಲಿ, ಮಾಸಲು ಹಸಿರು ಗೆರೆಯೊಂದು ಇಳಿದು ತಳದಲ್ಲಿ ತಿರುಗಿ ಮೇಲಕ್ಕೆ ಹೋಗಿತ್ತು. ಅಂಟಿನೊಳಗಿನ ಮೈಲುತುತ್ತ ಬಿಟ್ಟ ಬಣ್ಣವದು. ಖಾಕಿಯಲ್ಲಿ ಕಾಣದಿದ್ದದ್ದು ಬಿಳಿಯಲ್ಲಿ ಮೂಡಿ ನಿಂತಿತ್ತು. ಒಳಗೆ ಇನ್ನೊಂದು ಅರೆ ಇದೆ ಎಂದು ಗೆರೆ ಎಳೆದು ತೋರಿಸಿದಂತಿತ್ತು. ನಕ್ಷೆಯ ಆಟವನ್ನು ಅಂದು ಕೈಬಿಡಬೇಕಾಯಿತು. ಕರವಸ್ತ್ರ ಮತ್ತು ಹಗ್ಗದ ಕೆಲವು ಆಟಗಳನ್ನಷ್ಟೇ ತೋರಿಸಿ ಕೆಳಗಿಳಿದರು. ಮುಖ್ಯೋಪಾಧ್ಯಾಯರು ಒಳಗೆ ಬಂದು, “ನಕ್ಷಿದು ಯಾಕ ಬಿಟ್ರಿ? ಹುಡುಗ್ರು ಅದಕ್ಕಂತನ ಕುಂತಿದ್ರು. ಮುಂದಿನ ತಿಂಗಳು ನಮ್ಮ ಬೀಳ್ಕೊಡುಗಿ ಐತಿ, ಅವಾಗರ ಮಾಡ್ತೀರೇನು?” ಎಂದು ಕೇಳಿದರು. ಆಗಲೇ ಕೋಟು ತೊಟ್ಟಿದ್ದ ಇವರು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, “ಮಾಡೋಣ್ರಿ ಸರ, ಖಂಡಿತ,” ಎಂದರು.

ಮೈಲುತುತ್ತದ ಬದಲು ಏನು ಸೇರಿಸುವುದು ಎಂಬುದು ಈಗ ನನ್ನ ಮುಂದಿದ್ದ ಪ್ರಶ್ನೆ. ಏನೂ ಸೇರಿಸದಿದ್ದರೆ ನಮ್ಮ ಕಡೆಯ ಬಿಸಿಲಿಗೆ ಮೈದಾ ಅಂಟು ಮರುದಿನವೇ ಹುಳಿ ನಾರುತ್ತದೆ. ಬಿಳಿ ಕಾಗದಕ್ಕೆ ಬಿಳಿಯದೇ ಆಗಬೇಕು ಎಂದು ಆಲೋಚಿಸಿ, ಮನೆಯಲ್ಲಿ ಎಲೆ ಅಡಿಕೆಗೆ ಇಟ್ಟಿದ್ದ ಸುಣ್ಣವನ್ನು ನೀರಿಗೆ ಹಾಕಿ, ಅದರ ತಿಳಿಯನ್ನು ಅಂಟಿಗೆ ಬೆರೆಸಿದೆನು. ತಳದ ಸುಣ್ಣವೂ ಸ್ವಲ್ಪ ಸೇರಿತು. ಒಣಗಿದ ಮೇಲೆ ಕಿಟಕಿಗೆ, ಬಲ್ಬಿಗೆ, ಬಿಸಿಲಿಗೆ ಹಿಡಿದು ನೋಡಿದೆನು. ಗೆರೆ ಇರಲಿಲ್ಲ. ಮುಟ್ಟಿದರೂ ತಿಳಿಯುತ್ತಿರಲಿಲ್ಲ.

ಇನ್ನು ಉಳಿದದ್ದು ಹೆಬ್ಬೆರಳು. ಈ ಬಗ್ಗೆ ನಾನು ಬಹಳ ಯೋಚಿಸಿದೆನು. ಒಳಹಾಳೆಯನ್ನು ಬೆರಳಿನಿಂದ ಒತ್ತುವ ಬದಲು ಅದು ತಾನಾಗಿಯೇ ಮುಂದಿನ ಗೋಡೆಗೆ ಅಂಟಿಕೊಳ್ಳುವಂತೆ ಮಾಡಬಹುದಲ್ಲ ಎಂದು ಹೊಳೆದದ್ದು ಕಡತಗಳ ಹೊದಿಕೆ ಕತ್ತರಿಸುವಾಗ. ಲಕೋಟೆಯ ಮುಂದಿನ ಗೋಡೆಯ ಬಾಯಿಯಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು ತೆಗೆದೆನು. ಅನೇಕ ಲಕೋಟೆಗಳಿಗೆ ಅಂಥ ಕಚ್ಚು ಇರುವುದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಬಾಯಿ ಮುಚ್ಚುವ ಮೇಲಿನ ಮಡಿಕೆಗೆ ಗೋಂದು ಹಚ್ಚಿ ಮುಚ್ಚಿದಾಗ ಆ ಗೋಂದು ಮುಂದಿನ ಗೋಡೆಗೂ, ಕಚ್ಚಿನ ಮೂಲಕ ಒಳಹಾಳೆಗೂ ಒಟ್ಟಿಗೇ ಅಂಟಿಕೊಳ್ಳುತ್ತದೆ. ಅಲ್ಲಿಗೆ ಚೂರುಗಳ ಅರೆ ಶಾಶ್ವತವಾಗಿ ಮುಚ್ಚಿತು. ಅನಂತರ ಮೇಲ್ತುದಿಯ ಮಡಿಕೆಯನ್ನು ಸ್ಕೇಲಿನಿಂದ ಸೀಳಿದರೆ ತೆರೆದುಕೊಳ್ಳುವುದು ಹಿಂದಿನ ಅರೆ ಮಾತ್ರ. ಯಾರು ಮುಚ್ಚಿದರೂ ಸರಿ, ಯಾರು ಸೀಳಿದರೂ ಸರಿ. ಮುಟ್ಟದೆಯೇ ಆಗುವ ಕೆಲಸ.

ಇದನ್ನು ತೆಗೆದುಕೊಂಡು ನಾನೇ ಕೊಟ್ಟೂರಿಗೆ ಹೋದೆನು. ಅವರ ಮನೆಯ ಹೊರಕೋಣೆಯಲ್ಲಿ ಪತ್ನಿಯವರ ಕೈಯಿಂದ ಮುಚ್ಚಿಸಿ, ಅವರ ಕೈಯಿಂದಲೇ ಸೀಳಿಸಿ ತೋರಿಸಿದೆನು. ನಕ್ಷೆ ಇಡಿಯಾಗಿ ಬಂತು. ಪತ್ನಿಯವರು ತಾವೇ ಜಾದೂ ಮಾಡಿದಂತೆ ಬೆರಗಾಗಿ ಪತಿಯ ಮುಖ ನೋಡಿದರು. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ.

“ನನ್ನ ಕೈ ಎಲ್ಲಿ ಬಂತು ಇದರಾಗ?”

“ಬರೋದ ಬ್ಯಾಡ ಅಂತ ಮಾಡೀನ್ರಿ. ಚೂರು ಹಾಕಿದ ಮ್ಯಾಲ ಬಂದ ಅತಿಥಿಗಳ ಕಡಿಂದ ಮುಚ್ಚಸ್ರಿ. ಅವರ ಕಡಿಂದನ ತೆರಸ್ರಿ. ನೀವು ಬಾಜೂಕ ನಿಂತು ಮಾತಾಡ್ರಿ, ಅಷ್ಟ. ನಿಮ್ಮ ಕೈಯಾಗ ಲಕೋಟಿ ಇಲ್ಲ ಅಂದ್ರ ಮಂದಿ ನಿಮ್ಮ ಕೈ ಯಾಕ ನೋಡ್ತಾರ?”

“ಜಾದೂದವನ ಕೈ ನೋಡದಾ ಮತ್ತೇನ್ ನೋಡ್ತಾರ ಅಕ್ಕಾರ?” ಎಂದರು. ಲಕೋಟೆಯನ್ನು ನನ್ನ ಕಡೆ ಸರಿಸಿ, “ನಲವತ್ತು ವರ್ಷದಾಗ ನನ್ನ ಸಾಮಾನು ಇನ್ನೊಬ್ಬರ ಕೈಯಾಗ ಕೊಟ್ಟಿಲ್ರಿ,” ಎಂದರು.

ಪತ್ನಿಯವರು ನಡುವೆ ಬಾಯಿ ಹಾಕಿದರು: “ಕೊಡ್ರಿ ಈಗ. ಇಲ್ಲಂದ್ರ ಬಿಡ್ರಿ. ಎರಡರಾಗ ಒಂದು ಮಾಡ್ರಿ. ನೀವು ಮ್ಯಾಲ ನಿಂತಾಗ ಪರದೆ ಹಿಂದ ನಾನು ಉಸುರು ಹಿಡಕಂಡು ಕುಂದರಬೇಕು.”

ಕೊನೆಗೆ ಅವರು ಒಪ್ಪಿದರು. ಒಪ್ಪಿಸಿದವರಲ್ಲಿ ನಾನೇ ಮುಂದಿದ್ದೆನು ಎಂಬುದನ್ನು ಇಲ್ಲಿ ದಾಖಲಿಸುವುದು ಸೂಕ್ತ.

ಹೊಸ ಲಕೋಟೆಯ ಮೊದಲ ಪ್ರದರ್ಶನ ಹಡಗಲಿ ತಾಲ್ಲೂಕಿನಲ್ಲಿ, ಹೊಳಲಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಏರ್ಪಾಡಾಗಿತ್ತು. ಹಿಂದಿನ ದಿನವೇ ಲಕೋಟೆಗಳನ್ನು ಅಂಟಿಸಿ, ರಟ್ಟುಗಳ ನಡುವೆ ಒತ್ತಿ ಕಟ್ಟಿಕೊಂಡು ಹೋದೆನು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಒಂದು ಬದಿಗೆ ಶಾರದೆಯ ಪಟ, ಅದರ ಮುಂದಿನ ಮೇಜಿನ ಮೇಲೆ ಪೂಜೆಯ ಸ್ಟೀಲ್ ತಟ್ಟೆ, ಅದರಲ್ಲಿ ಗಂಟೆ, ಆರತಿ, ಅರಿಶಿಣ, ಕುಂಕುಮ. ಪೂಜೆ ಆಗತಾನೆ ಮುಗಿದಿತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಪೂಜೆಯನ್ನು ತಾವೇ ಮಾಡಿದ್ದರು. ಅವರನ್ನೇ ಅತಿಥಿಯಾಗಿ ಕರೆಯುವುದೆಂದು ನಮ್ಮ ಸಾಹೇಬರು ತೀರ್ಮಾನಿಸಿದರು.

ಚೂರುಗಳನ್ನು ಲಕೋಟೆಗೆ ಹಾಕುವವರೆಗೆ ಇವರ ಕೈ ಚೆನ್ನಾಗಿಯೇ ನಡೆಯಿತು. ಮುಖ್ಯೋಪಾಧ್ಯಾಯಿನಿ ಅಮ್ಮನವರು ಗೋಂದಿಗೆ ನೀರು ಸವರಿ ಲಕೋಟೆಯನ್ನು ಮುಚ್ಚಿ, ಮಕ್ಕಳಿಗೆ ತೋರಿಸಿ, ಶಾರದೆಯ ಪಟದ ಮುಂದೆ ಇಟ್ಟರು. ಎಲ್ಲವೂ ನಾವು ಯೋಜಿಸಿದಂತೆಯೇ ಸಾಗುತ್ತಿತ್ತು. ಇವರು ಸ್ಕೇಲನ್ನು ಮುಂದೆ ಚಾಚಿ, “ಈಗ ತಾವ ತೆಗದು ನೋಡ್ರಿ ಅಮ್ಮಾರ,” ಎಂದರು.

“ತಡೀರಿ ಸಾಹೇಬ್ರ. ಶಾರದಮ್ಮನ ಮುಂದ ಇಟ್ಟಿದ್ದು ಬಿಳೀ ಲಕೋಟಿ. ಅರಿಷಿಣ ಹಚ್ಚದಾ ಹಂಗ ತೆರೆಯೋದು ಬರಾಬರಿ ಅಲ್ಲ.”

ನಮ್ಮ ಕಡೆ ಮದುವೆಯ ಪತ್ರಿಕೆಯಾಗಲಿ, ಶುಭಕಾರ್ಯದ ಯಾವುದೇ ಕಾಗದವಾಗಲಿ, ಬಿಳಿಯಾಗಿಯೇ ಕೈಬದಲಾಗುವುದಿಲ್ಲ. ನಾಲ್ಕು ಮೂಲೆಗೆ ಅರಿಶಿಣ ಹಚ್ಚುತ್ತೇವೆ. ಅದು ನಮ್ಮ ಮುದ್ರಣಾಲಯದಲ್ಲಿ ನಾನೇ ಎಷ್ಟೋ ಸಲ ಮಾಡಿದ ಕೆಲಸ. ಅಮ್ಮನವರು ತಟ್ಟೆಯಲ್ಲಿನ ಒದ್ದೆ ಅರಿಶಿಣದಲ್ಲಿ ಬೆರಳದ್ದಿ, ಲಕೋಟೆಯನ್ನು ಮಗುಚಿ, ಹಿಂಬದಿಯ ಮೂಲೆಗಳಿಗೆ ಧಾರಾಳವಾಗಿ ಸವರಿದರು. ಮೃದು ಕಾಗದ ನೀರನ್ನು ಹೀರಿತು.

ಅರಿಶಿಣಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆಂಬುದು ಆರತಿಯ ನೀರು ಕಲೆಸಿದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತು. ನಾನು ಪರದೆಯ ಅಂಚಿನಲ್ಲಿ ನಿಂತಿದ್ದೆನು. ಕೆಳಗಿನ ಎರಡು ಮೂಲೆಗಳಲ್ಲಿ ಹಳದಿಯ ನಡುವಿನಿಂದ ಕೆಂಪು ಗೆರೆಗಳು ಮೂಡಿದವು. ಪ್ರತಿ ಮೂಲೆಗೂ ಎರಡೆರಡು: ಒಂದು ಲಕೋಟೆಗೆ ಇರಲೇಬೇಕಾದ ಅಂಚಿನ ಗೆರೆ, ಅದರ ಒಳಗೆ ಇರಬಾರದ ಇನ್ನೊಂದು ಗೆರೆ. ನನ್ನ ಪಕ್ಕದಲ್ಲಿದ್ದ ಅವರ ಪತ್ನಿಯವರು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಮ್ಮನವರು ನೋಡಿದರು. ನೋಡಿ, ತಲೆ ಎತ್ತದೆ, ಲಕೋಟೆಯ ಆ ಬದಿಯನ್ನು ತಮ್ಮ ಸೀರೆಯ ಕಡೆಗೆ ತಿರುಗಿಸಿ ಎದೆಗೆ ಒತ್ತಿ ಹಿಡಿದರು. ರೇಷ್ಮೆ ಸೀರೆಗೆ ಅರಿಶಿಣ ಹತ್ತುವುದನ್ನೂ ಲೆಕ್ಕಿಸದೆ, ಹಾಗೆಯೇ ಸ್ಕೇಲನ್ನು ತೂರಿಸಿ ಸೀಳತೊಡಗಿದರು. ಅವರು ಗುಟ್ಟನ್ನು ಕಾಯ್ದರು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸೀಳುವ ಹೊತ್ತಿನಲ್ಲಿ ಇವರಿಗೆ ಮಾಡಲು ಏನೂ ಇರಲಿಲ್ಲ. ನಾನು ಹೇಳಿಕೊಟ್ಟಂತೆ ಪಕ್ಕದಲ್ಲಿ ನಿಂತು ಮಾತನಾಡುತ್ತಿದ್ದರು. ವೇದಿಕೆಗೆ ತೊಡುವ ಅವರ ಉದ್ದನೆಯ ನಿಲುವಂಗಿಗೆ ಜೇಬಿರಲಿಲ್ಲ. ಖಾಲಿಯಾಗಿದ್ದ ಬಲಗೈಯನ್ನು ಮೊದಲು ಬೆನ್ನ ಹಿಂದೆ ಇಟ್ಟರು, ಅನಂತರ ಎಡಗೈಯಲ್ಲಿ ಹಿಡಿದುಕೊಂಡರು, ಕೊನೆಗೆ ಪೂಜೆಯ ಮೇಜಿನ ಮೇಲೆ ಊರಿದರು. ತಟ್ಟೆಗೆ ಕೈ ತಗುಲಿತು. ತಟ್ಟೆಯೊಳಗಿನ ಗಂಟೆ ಕಿಣಿಕಿಣಿ ಎನ್ನತೊಡಗಿತು. ಮೈಕು ಅಲ್ಲಿಯೇ ಇತ್ತು. ಅವರು ಕೈ ಎತ್ತಿಕೊಂಡರು. ಎತ್ತಿದ ಕೈ ಎಲ್ಲರಿಗೂ ಕಾಣುವಂತೆ ಗಾಳಿಯಲ್ಲಿ ನಡುಗಿತು.

ಹರಪನಹಳ್ಳಿಯಲ್ಲಿ ಕೂಗಿದಂತೆ ಇಲ್ಲಿ ಯಾರೂ ಕೂಗಲಿಲ್ಲ. ಮುಂದಿನ ಸಾಲಿನ ಹೆಣ್ಣುಮಕ್ಕಳು ಅವರ ಕೈಯನ್ನು ನೋಡುತ್ತಾ ಸುಮ್ಮನೆ ಕುಳಿತಿದ್ದರು. ಅಮ್ಮನವರು ಇಡಿಯಾದ ನಕ್ಷೆಯನ್ನು ಹೊರತೆಗೆದು ಬಿಡಿಸಿ ಹಿಡಿದಾಗ ಚಪ್ಪಾಳೆ ಬಿತ್ತು. ಆದರೆ ಅದು ತಡವಾಗಿ ಬಿತ್ತು. ಚಪ್ಪಾಳೆ ನಿಂತ ಮೇಲೆ ಅಮ್ಮನವರು ಮೈಕಿನಿಂದ ದೂರ ಸರಿಯದೆಯೇ, ಬಹಳ ಮೃದುವಾಗಿ, “ಸಾಹೇಬ್ರಿಗೆ ಒಂದು ಕುರ್ಚಿ ತರ್ರೆಪಾ. ಕುಂದರ್ರಿ ಸಾಹೇಬ್ರ, ಭಾಳ ಹೊತ್ತಾತು ನಿಂತು,” ಎಂದರು.

ಕುರ್ಚಿ ಬಂತು. ಅವರು ಒಂದು ಗಳಿಗೆ ಅದನ್ನು ನೋಡಿ, ಕುಳಿತರು. ಉಳಿದಿದ್ದ ಆಟಗಳನ್ನು ತೋರಿಸಲಿಲ್ಲ. ಅಮ್ಮನವರು ಶಾಲು ಹೊದಿಸಿ, ಅವರ ಎರಡೂ ಕೈಗಳನ್ನು ಹಿಡಿದುಕೊಂಡು, ಇಂಥ ಕಲಾವಿದರು ನೂರು ಕಾಲ ಬಾಳಲಿ ಎಂದು ಹಾರೈಸಿದರು.

ಹಡಗಲಿಯ ಬಸ್ಸಿಗೆ ಕಾಯುತ್ತಾ ನಾವು ರಸ್ತೆಯ ಬದಿಯ ಬೇವಿನ ಮರದ ಕೆಳಗೆ ನಿಂತಿದ್ದೆವು. ಅವರು ಸ್ವಲ್ಪ ದೂರದಲ್ಲಿ ಒಬ್ಬರೇ ನಿಂತಿದ್ದರು. ನಾನು ಸುಣ್ಣದ ವಿಷಯವನ್ನು ಪತ್ನಿಯವರಿಗೆ ವಿವರಿಸಿ, ಇನ್ನು ಮುಂದೆ ಪಟಿಕದ ಪುಡಿ ಹಾಕುತ್ತೇನೆ, ಅದು ಯಾವ ಬಣ್ಣವನ್ನೂ ಬಿಡುವುದಿಲ್ಲ ಎಂದು ಹೇಳತೊಡಗಿದೆನು. ಅವರು ನನ್ನನ್ನು ತಡೆದರು.

“ಅಂಟಿನ ಮಾತು ಬಿಡ್ರಿ ಅಕ್ಕಾ. ಇವ್ರ ಕೈ ಕೆಲಸ ಮಾಡೋ ಮುಂದ ಅಷ್ಟು ನಡುಗಾದಿಲ್ಲ. ಬೀಗ ತೆಗೆಯೋ ಮುಂದ ನಡುಗಾದಿಲ್ಲ, ರೊಟ್ಟಿ ಮುರಿಯೋ ಮುಂದ ನಡುಗಾದಿಲ್ಲ. ಸುಮ್ನ ಇಟ್ಟಾಗ ನಡುಗತೈತಿ. ಇವತ್ತ ನನಗೂ ಸರಿಯಾಗಿ ತಿಳೀತು ನೋಡ್ರಿ. ನಾವಿಬ್ರೂ ಸೇರಿ ಅದರ ಕೆಲಸಾನ ಕಸಗಂಡ್ವಿ.”

ನಾನು ಉಳಿದಿದ್ದ ಲಕೋಟೆಗಳನ್ನು ರಟ್ಟುಗಳ ನಡುವೆ ಪುನಃ ಕಟ್ಟಿದೆನು. ಬಸ್ಸು ಬಂದಾಗ ಸಾಹೇಬರು ಹತ್ತಿರ ಬಂದು ನನಗೆ ಹೇಳಿದ್ದು ಇಷ್ಟೇ: “ಗೆರಿ ಮೂಡಿದ್ದು ನಾನೂ ನೋಡಿದೆ ಅಕ್ಕಾರ. ಅದಕ್ಕ ಏನೂ ಅನಸ್ಲಿಲ್ಲ. ಬೈದಿದ್ರ ಒಂದು ಮಾತು ಹೇಳಿ ನಗಿಸ್ತಿದ್ದೆ. ಕುರ್ಚಿ ಕೊಟ್ಟವ್ರಿಗೆ ಏನ್ ಹೇಳಾಕ ಬರತೈತಿ?”

ಹಗರಿಬೊಮ್ಮನಹಳ್ಳಿಯ ಶಾಲೆಗೆ ಅವರು ಮಾತು ಕೊಟ್ಟಿದ್ದು ಬಾಕಿ ಇತ್ತು. ಆ ದಿನದೊಳಗೆ ಅವರ ಕೆಲಸವನ್ನು ಅವರ ಕೈಗೆ ಹಿಂದಿರುಗಿಸಬೇಕೆಂದು ನಾನು ಕೊನೆಯ ಲಕೋಟೆಯನ್ನು ತಯಾರಿಸಿದೆನು. ಇದಕ್ಕೆ ಕಚ್ಚು ಇರಲಿಲ್ಲ. ಅದೇ ಮೃದು ಕಾಗದ, ಅಂಟಿಗೆ ಪಟಿಕ. ಒಳಹಾಳೆಯ ಅಂಚಿನಲ್ಲಿ ಪುಸ್ತಕ ಹೊಲಿಯುವ ದಾರವನ್ನು ಮಡಚಿ ಸೇರಿಸಿದ್ದೆನು. ಬೆರಳು ಎಷ್ಟೇ ಮರೆತಿದ್ದರೂ ಆ ದಾರದ ಉಬ್ಬನ್ನು ಗುರುತಿಸಬೇಕು. ಅರಿಶಿಣ, ಕುಂಕುಮ, ನೀರು ಎಲ್ಲವನ್ನೂ ಹಚ್ಚಿ ಪರೀಕ್ಷಿಸಿದ ಬಳಿಕ ಕೊಟ್ಟೂರಿಗೆ ತೆಗೆದುಕೊಂಡು ಹೋದೆನು.

ಅವರು ಬೇಡವೆನ್ನಲಿಲ್ಲ. ಪತ್ನಿಯವರು ಚಹಾ ತಂದು ನನ್ನ ಮುಂದಿಟ್ಟರು. ಆಗ ಅವರು ಲಕೋಟೆಯನ್ನು ತೆಗೆದುಕೊಂಡು, ಹೊರಕೋಣೆಯ ಮಂಚದ ಮೇಲೆ ಕುಳಿತು, ನಮ್ಮಿಬ್ಬರ ಎದುರು ನಕ್ಷೆಯನ್ನು ಹರಿಯಲಾರಂಭಿಸಿದರು. ನಿಜವಾಗಿಯೂ ಅವರ ಕೈ ನಡುಗಲಿಲ್ಲ. ಆದರೆ ಒಂದೊಂದು ಚೂರೂ ಬೆರಳನ್ನು ಬಿಟ್ಟು ಹೋಗಲು ತಡಮಾಡಿತು. ಲಕೋಟೆಯ ಬಾಯಿ ತೆರೆಯಲು ತಡವಾಯಿತು. ಮುಚ್ಚಿ, ಪುನಃ ತೆರೆದಾಗ ಹೆಬ್ಬೆರಳು ಅಂಚಿನ ಮೇಲೆ ಬಂದು ನಿಂತು, ಮುಂದೆ ಹೋಗಲು ಯಾರದೋ ಅಪ್ಪಣೆಗೆ ಕಾದಂತೆ ಅಲ್ಲಿಯೇ ಉಳಿಯಿತು. ಅವರ ಹಣೆಯ ಮೇಲೆ ಬೆವರು ಬಂತು. ಪತ್ನಿಯವರು ಬಾಗಿಲಿಗೆ ಒರಗಿ ನಿಂತು ಉಸಿರಾಡುತ್ತಿರಲಿಲ್ಲವೆಂದೇ ನನಗನಿಸಿತು. ಬೆರಳು ದಾರವನ್ನು ಗುರುತಿಸಿತು. ಒಳಹಾಳೆ ಮುಂದಕ್ಕೆ ಒರಗಿತು. ನಕ್ಷೆ ಇಡಿಯಾಗಿ ಹೊರಬಂತು. ಒಂದು ಚೂರೂ ಕಾಣಲಿಲ್ಲ. ನಾನು ನೋಡಿದ ಪೈಕಿ ಅದೇ ಅತ್ಯಂತ ಶುದ್ಧವಾದ ಬದಲಾವಣೆ.

“ಬಂತಲ್ರಿ ಸಾಹೇಬ್ರ,” ಎಂದೆನು.

“ಬಂತು,” ಎಂದರು. ನಕ್ಷೆಯನ್ನು ಬಿಡಿಸದೆ ಮಂಚದ ಮೇಲಿಟ್ಟು, ನನ್ನ ಮುಂದಿದ್ದ ಚಹಾದ ಕಡೆ ನೋಡಿದರು. ಅದರ ಮೇಲೆ ಕೆನೆ ಕಟ್ಟಿತ್ತು. “ನೀವು ಕುಡಿಯಾದ ಮರತು ಕುಂತ್ರಿ. ನೀವು ಬೇಕಾದವ್ರು, ಕುಂತ್ರಿ. ಸಾಲಿ ಹುಡುಗ್ರು ಇಷ್ಟೊತ್ತು ಯಾಕ ಕುಂದರ್ತಾವು?” ಬಳಿಕ ಪತ್ನಿಯವರ ಕಡೆ ತಿರುಗಿ, “ಅಕ್ಕಾರಿಗೆ ಬ್ಯಾರೆ ಚಾ ಕಾಸು,” ಎಂದರು.

ಹಗರಿಬೊಮ್ಮನಹಳ್ಳಿಯ ಶಾಲೆಯ ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆ ನಮ್ಮಲ್ಲಿಯೇ ಮುದ್ರಣಕ್ಕೆ ಬಂದಿತ್ತು. ಸಾಹೇಬರ ಕೋರಿಕೆಯ ಮೇರೆಗೆ, ಅವರು ಇನ್ನು ಪ್ರದರ್ಶನ ನೀಡುವುದಿಲ್ಲವೆಂದು ನಾನೇ ಶಾಲೆಯವರಿಗೆ ತಿಳಿಸಿದೆನು. ಅಚ್ಚು ಜೋಡಿಸುವವರು ಅವರ ಹೆಸರಿದ್ದ ಸಾಲನ್ನು ಚಿಮಟದಿಂದ ಒಂದೊಂದೇ ಅಕ್ಷರವಾಗಿ ಕಿತ್ತು, ಆ ಜಾಗದಲ್ಲಿ ‘ವಿದ್ಯಾರ್ಥಿಗಳಿಂದ ಮನರಂಜನೆ’ ಎಂದು ಜೋಡಿಸಿದರು. ಮುದ್ರಣವಾಗಿ ಬಂದ ಪ್ರತಿಗಳನ್ನು ನಾನು ಮಡಚಿ, ಕಟ್ಟು ಕಟ್ಟಿ, ಅದೇ ದಿನದ ಬಸ್ಸಿಗೆ ಹಾಕಿ ಕಳುಹಿಸಿದೆನು.